ಮಲಗಿಸೋ ಗಾಡಿ, ಕುಂಡ್ರಿಸೋ ಗಾಡಿ

ಮೊದಲು ನನ್ನ ಎತ್ತರದ ವಿಷಯ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಥೆಯೇ ಕೆಡುತ್ತದೆ. ನಾನು ನಮ್ಮ ಕಡೆಯ ಬಾಗಿಲುಗಳಿಗೆ ತಕ್ಕ ಮನುಷ್ಯನಲ್ಲ. ಸರಕಾರ ಕೊಟ್ಟ ಯಾವ ಗಾಡಿಯಲ್ಲೂ ನನ್ನ ತಲೆ ನೆಟ್ಟಗೆ ನಿಂತಿಲ್ಲ. ಆಂಬುಲೆನ್ಸ್ ಚಾಲಕನಾಗಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ಎಂದು ಸುತ್ತಿದ ಅಷ್ಟೂ ವರ್ಷ ಕತ್ತು ಎಡಕ್ಕೆ ವಾಲಿಸಿಕೊಂಡೇ ಓಡಿಸಿದೆ. ನಿವೃತ್ತನಾಗಿ ತಾವರಗೇರಾದ ಮನೆಯಲ್ಲಿ ಕುಳಿತ ಮೇಲೂ ಕತ್ತು ಎಡಕ್ಕೇ ಇದೆ. ನನ್ನನ್ನು ಹೊಸದಾಗಿ ಕಂಡವರು, ಇವನು ಏನೋ ಗುಟ್ಟು ಕೇಳಿಸಿಕೊಳ್ಳಲು ಬಾಗಿದ್ದಾನೆ ಎಂದುಕೊಂಡು ತಮ್ಮ ಮನೆಯ ಜಗಳವನ್ನೆಲ್ಲ ಹೇಳಿಬಿಡುತ್ತಾರೆ. ನಾನೂ ಬೇಡವೆನ್ನುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಮನೆಗೆ ಬರುತ್ತಾರೆ. ನನ್ನ ಅನುಭವ ಕೇಳಲು ಬರುತ್ತಾರೆ ಎಂದು ಬೀಗುತ್ತಿದ್ದೆ. ನಿಜ ಏನೆಂದರೆ, ಅಂಗಳದಲ್ಲಿ ನಿಲ್ಲಿಸಿದ ನನ್ನ ಹಳೆಯ ಗಾಡಿಗಳ ಮುಂದೆ ಫೋಟೊ ಹೊಡೆಸಿಕೊಳ್ಳಲು ಬರುತ್ತಾರೆ. ಅವರಲ್ಲೊಬ್ಬ ವಿಡಿಯೋ ಮಾಡಿ, "ತಾವರಗೇರಾದಾಗ ಹೆಣದ ಗಾಡಿ ಮ್ಯೂಸಿಯಂ" ಎಂದು ಮೊಬೈಲಿನಲ್ಲಿ ಹರಿಬಿಟ್ಟ. ಅದು ತಪ್ಪು. ಹೆಣದ ಗಾಡಿ ಎರಡೇ. ಉಳಿದೆರಡು ಆಂಬುಲೆನ್ಸು. ಒಂದು ಮೆಟಡೋರ್, ಒಂದು ಜೀಪು, ಒಂದು ಶವದ ವ್ಯಾನು, ಒಂದು ಹೆಣ ತಳ್ಳುವ ಬಂಡಿ. ಬೇರೆಯವರು ಹಳೆಯ ನಾಣ್ಯ ಕೂಡಿಸುತ್ತಾರೆ, ಅಂಚೆಚೀಟಿ ಕೂಡಿಸುತ್ತಾರೆ, ಅವರನ್ನು ಯಾರೂ ಏನೂ ಅನ್ನುವುದಿಲ್ಲ.

ನನ್ನನ್ನು ಅನ್ನುವವಳು ನನ್ನ ಹೆಂಡತಿ ಶಾಂತವ್ವ. ಅವಳದು ಖಡಕ್ ರೊಟ್ಟಿಯ ವ್ಯಾಪಾರ. ಅವಳ ಜೋಳದ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ; ಕುಷ್ಟಗಿಯ ಖಾನಾವಳಿಗಳವರೂ ಒಯ್ಯುತ್ತಿದ್ದರು. ಶವದ ವ್ಯಾನು ಅಂಗಳಕ್ಕೆ ಬಂದಂದಿನಿಂದ ಗಿರಾಕಿ ನಿಂತುಹೋಯಿತು.

"ಮಂದಿ ಮನಿ ಮುಂದ ತುಳಸಿಕಟ್ಟಿ ಇಡ್ತಾರ. ನೀವು ಹೆಣದ ಗಾಡಿ ಇಟ್ಟೀರಿ," ಎಂದು ಅವಳು ಒಂದು ಬೆಳಿಗ್ಗೆ ಹಿಟ್ಟು ನಾದುತ್ತ ಶುರುಮಾಡಿದಳು. "ರೊಟ್ಟಿಗಿ ಬಂದ ಹೆಣ್ಮಕ್ಕಳು ಅರ್ಧ ಓಣ್ಯಾಗ ನಿಂತು, ಗಾಡಿಗಿ ಕೈಮುಗದು ಹೊಳ್ಳಿ ಹೋಗ್ತಾರ. ನಾ ಕರದ್ರ, ಯಾರು ಹೋದ್ರು ಅಂತ ನನ್ನ ಕೇಳ್ತಾರ! ನನಗ ಅಳು ಬರತೈತ್ರಿ."

"ಸ್ವಲ್ಪ ದಿನ ಕಾಯಿ. ಮಂದಿಗಿ ರೂಢಿ ಆಕ್ಕೈತಿ," ಎಂದೆ.

"ರೂಢಿ ಆಗೂದು ಬ್ಯಾಡ. ಗಂಗಾವತಿ ಗುಜರಿ ಮಲ್ಲಣ್ಣಗ ಫೋನ್ ಮಾಡೀನಿ. ಅಮಾಸಿ ಮುಗದ ಮರುದಿನ ಕ್ರೇನ್ ತರ್ತಾನ. ಅಮಾಸಿ ಒಳಗ ಹೆಣದ ಗಾಡಿ ಮುಟ್ಟೂದಿಲ್ಲಂತ ಅವ. ಅವಗೂ ಬುದ್ಧಿ ಐತಿ, ನಿಮಗಿಲ್ಲ."

ಅವಳದು ತಪ್ಪೇನೂ ಇರಲಿಲ್ಲ. ಅವಳ ರೊಟ್ಟಿ ನಿಂತರೆ ಅವಳ ಮುಖ ಬಾಡುತ್ತದೆ, ನನ್ನ ಗಾಡಿ ಹೋದರೆ ನನ್ನ ಕಾಲುಗಳೇ ಹೋದ ಹಾಗೆ. ಜಗಳ ಮಾಡಿ ಗೆಲ್ಲುವ ಧೈರ್ಯ ನನಗಿಲ್ಲ. ಗಾಡಿ ಹೋದರೂ ಅವುಗಳ ಮಾತಾದರೂ ಉಳಿಯಲಿ ಎಂದು ಅಮಾವಾಸ್ಯೆಯೊಳಗೆ ಇದನ್ನು ಬರೆಯಲು ಕುಳಿತೆ. ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ. ಬಡ್ತಿ ಸಿಕ್ಕಿದ್ದರೆ ತಾನೆ.

ಈ ಗಾಡಿಗಳ ಮೇಲೆ ಯಾಕೆ ಇಷ್ಟು ಹುಚ್ಚು ಎಂದು ಎಲ್ಲರೂ ಕೇಳುತ್ತಾರೆ. ಹಳೆಯ ಕಾರು ಕೊಳ್ಳುವವರು ಬಾನೆಟ್ಟು ತಟ್ಟುತ್ತಾರೆ, ಬಣ್ಣ ಸವರುತ್ತಾರೆ. ಆಂಬುಲೆನ್ಸು ಕೊಳ್ಳುವವನು ಒಳಗೆ ಹೋಗಿ ಅಂಗಾತ ಮಲಗಬೇಕು. ಯಾಕೆಂದರೆ ಆ ಗಾಡಿಯಲ್ಲಿ ಹೋದವರೆಲ್ಲ ನೋಡಿದ್ದು ಅದರ ಒಳಚಾವಣಿಯನ್ನೇ. ಬೇರೆ ಯಾವ ಗಾಡಿಯ ಚಾವಣಿಯನ್ನೂ ಮನುಷ್ಯರು ಅಷ್ಟು ಆಸೆಯಿಂದ ನೋಡಿರುವುದಿಲ್ಲ. ನನಗಂತೂ ಅಲ್ಲಿಯ ಒಂದೊಂದು ಕಲೆಯೂ ಗೊತ್ತು.

ನಾನು ಓಡಿಸಿದ ಮೆಟಡೋರ್ ಹರಾಜಿಗೆ ಬಂದಾಗ ಆಸ್ಪತ್ರೆಯ ಹಿತ್ತಲಿನಲ್ಲಿ ಅದರ ಬಾನೆಟ್ಟಿನೊಳಗಿಂದ ಬಳ್ಳಾರಿ ಜಾಲಿ ಬೆಳೆದಿತ್ತು. ನಾನು ಹಿಂಬಾಗಿಲಿನಿಂದ ಹತ್ತಿ ಸ್ಟ್ರೆಚರಿನ ಮೇಲೆ ಮಲಗಿ ಚಾವಣಿ ನೋಡತೊಡಗಿದೆ. ಹರಾಜು ನಡೆಸಲು ಬಂದ ಅಧಿಕಾರಿ, ಮುದುಕ ಬಿಸಿಲಿಗೆ ಬಿದ್ದ ಎಂದು ಹೆದರಿ ಫೋನು ಮಾಡಿದರು. ಹೊಸ ಆಂಬುಲೆನ್ಸು ಕೂಗುತ್ತ ಬಂತು. ಅದರಲ್ಲಿದ್ದ ಇಬ್ಬರು ನನ್ನ ಕಾಲು ಹಿಡಿದು ಒಂದು ಆಂಬುಲೆನ್ಸಿನಿಂದ ಇನ್ನೊಂದಕ್ಕೆ ಎಳೆಯತೊಡಗಿದರು. ನನಗೇನೂ ಆಗಿಲ್ಲವೆಂದು ಎಷ್ಟು ಹೇಳಿದರೂ, "ಎಲ್ಲಾರೂ ಹಂಗ ಅಂತಾರ್ರಿ," ಎಂದರು. ಹರಾಜಿನಲ್ಲಿ ಬೇರೆ ಯಾರೂ ಕೂಗದಿದ್ದರಿಂದ ಗಾಡಿ ನನಗೇ ಆಯಿತು. ಕೂಗಿದಾಗ ನಾನು ಹೊಸ ಗಾಡಿಯ ಸ್ಟ್ರೆಚರಿನ ಮೇಲಿದ್ದೆ.

ಆ ಮೆಟಡೋರಿನಲ್ಲಿ ನನ್ನ ಜೊತೆ ಬರುತ್ತಿದ್ದ ನರ್ಸು ಕಮಲಾಬಾಯಿ. ಭಾರಿ ಗಟ್ಟಿಗಿತ್ತಿ, ಭಾರಿ ದೈವಭಕ್ತೆ. ರೋಗಿಗಳಿಗೆ ಧೈರ್ಯ ಬರಲೆಂದು ಒಳಚಾವಣಿಗೆ ಎಲ್ಲ ದೇವರೂ ಇರುವ ಒಂದು ದೊಡ್ಡ ಕ್ಯಾಲೆಂಡರ್ ಚಿತ್ರ ಅಂಟಿಸಿದ್ದರು. ಒಮ್ಮೆ ಅಳವಂಡಿಯ ಒಬ್ಬ ಯಜಮಾನರನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಕೊಪ್ಪಳಕ್ಕೆ ಒಯ್ಯುತ್ತಿದ್ದೆವು. ಊರು ಹತ್ತಿರ ಬಂದಾಗ ಅವರು ಕಣ್ಣು ತೆರೆದರು. ಎದುರಿಗೇ ಅಷ್ಟೂ ದೇವರು.

"ಬಂದ್ನಿ ಅಂತ ಕಾಣಸ್ತೈತಿ," ಎಂದರು, ಬಸ್ಸಿಳಿದವರ ಹಾಗೆ. ಆಮೇಲೆ ಬಿಳಿ ಸೀರೆಯ ಕಮಲಾಬಾಯಿಯನ್ನು ನೋಡಿ, "ಯವ್ವಾ, ನೀ ಯಾವ ದೇವಿ?" ಎಂದು ಕೈಮುಗಿದರು.

"ನಾ ಸಿಸ್ಟರ್ ರೀ, ಯಜಮಾನ್ರ."

ಏನಾಯಿತೆಂದು ನಾನು ಹಿಂತಿರುಗಿ ನೋಡಿದೆ. ಯಜಮಾನರು ನನ್ನ ಓರೆ ಕತ್ತನ್ನು ದಿಟ್ಟಿಸಿ, "ಇಂವ ಯಮನ ಕಡ್ಯಾಂವ. ಕುತ್ತಿಗಿ ನೋಡು," ಎಂದು ಮತ್ತೆ ಎಚ್ಚರ ತಪ್ಪಿದರು. ಪುಣ್ಯಕ್ಕೆ ಬದುಕಿದರು. ಮರುದಿನ ಕಮಲಾಬಾಯಿ ದೇವರನ್ನೆಲ್ಲ ತೆಗೆದು, ಬೀಜದ ಅಂಗಡಿಯವರು ಕೊಟ್ಟ ಬೇರೊಂದು ಚಿತ್ರ ಅಂಟಿಸಿದರು. ಪೇರಲಹಣ್ಣು ಕಚ್ಚುತ್ತಿರುವ ಹಸಿರು ಗಿಳಿ. ಗಿಳಿಯನ್ನು ನೋಡಿ ಯಾರೂ ಹೆದರಲಿಲ್ಲ.

ಹುಡುಗರಿಗೆ ಒಂದು ಮುಖ್ಯ ಮಾತು: ಗಾಡಿಗೆ ಮೊದಲು ರೋಗಿಯನ್ನು ಹತ್ತಿಸಿರಿ. ಇದೇನು ಹೇಳುವ ಮಾತೇ ಎಂದು ನಗಬೇಡಿರಿ. ಕುಷ್ಟಗಿಯಲ್ಲಿ ಹೊಟ್ಟೆನೋವಿನ ಒಬ್ಬ ರೋಗಿಯನ್ನು ಕೊಪ್ಪಳಕ್ಕೆ ಬರೆದುಕೊಟ್ಟರು. ನಾನು ಸ್ಟೇರಿಂಗಿನ ಮುಂದೆ ಕುಳಿತಿದ್ದೆ. ಹಿಂದಿನಿಂದ ಹಾಸಿಗೆ, ನೀರಿನ ಕೊಡ, ಸ್ಟೋವು, ರೊಟ್ಟಿಗಂಟು, ಕಾಕಾ, ಮಾವ, ಎಲ್ಲ ಹತ್ತಿದವು. "ಗಾಡಿ ಬಿಡ್ರಿ!" ಎಂದು ಯಾರೋ ತಟ್ಟಿದರು. ಕೊಪ್ಪಳದಲ್ಲಿ ಬಾಗಿಲು ತೆಗೆದರೆ ಮದುವೆ ದಿಬ್ಬಣದ ಹಾಗೆ ಇಳಿಯುತ್ತಲೇ ಇದ್ದರು. ಡಾಕ್ಟರು ಪೇಶಂಟ್ ಯಾರೆಂದರು. ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹಾಸಿಗೆಯ ಸುರುಳಿ ಬಿಚ್ಚಿ ನೋಡಿದೆ. ಅಷ್ಟರಲ್ಲಿ ಗೇಟಿನ ಚಹಾದಂಗಡಿಯಿಂದ ಒಬ್ಬ ಹೊಟ್ಟೆ ಹಿಡಿದುಕೊಂಡು ಬಂದ. ಅವನೇ ರೋಗಿ. ಬಸ್ಸಿಗೆ ಬಂದು ನಮಗಿಂತ ಮೊದಲೇ ಮುಟ್ಟಿದ್ದ.

"ಗಾಡ್ಯಾಗ ಜಾಗಾ ಇರ್ಲಿಲ್ರಿ," ಎಂದ. "ಹಿರ್ಯಾರು ಕುಂತಿದ್ರು. ಏಳ್ರಿ ಅನ್ನಾಕ ಆಕ್ಕೈತೇನ್ರಿ?"

ಈಗ ಫೋನಿನಲ್ಲಿ ಮೂರಂಕಿ ಒತ್ತಿದರೆ ಗಾಡಿ ಬರುತ್ತದೆ, ದಾರಿಯನ್ನು ಫೋನೇ ಹೇಳುತ್ತದೆ. ನಮ್ಮ ಕಾಲದ ದೊಡ್ಡ ಸುಧಾರಣೆ ಎಂದರೆ ಗಾಡಿಯ ಮೂತಿಯ ಮೇಲೆ ಅಕ್ಷರವನ್ನು ತಿರುಗುಮುರುಗಾಗಿ ಬರೆಯಬೇಕೆಂಬ ಆದೇಶ. ಮುಂದಿನ ಗಾಡಿಯವನು ತನ್ನ ಕನ್ನಡಿಯಲ್ಲಿ ನೆಟ್ಟಗೆ ಓದಿ ದಾರಿ ಬಿಡಲಿ ಎಂದು. ನಮ್ಮ ಸಾಹೇಬರಿಗೆ ಕನ್ನಡಾಭಿಮಾನ ಬಹಳ. ಕನ್ನಡದಲ್ಲೇ ತಿರುಗಿಸಿ ಬರೆಸು ಎಂದರು. ಗಂಗಾವತಿಯ ಪೇಂಟರ್ ರಾಜಾಸಾಬ್ ಕುಂಚವನ್ನೇ ಕೆಳಗಿಟ್ಟ.

"ಉಲ್ಟಾ ಅಕ್ಷರ ಬರದಾಂವ ಅಂತ ಹೆಸರಾದ್ರ ನಾಳಿ ನನಗ ಯಾರು ಬೋರ್ಡ್ ಕೊಡ್ತಾರ್ರಿ?"

ಹೇಗೋ ಒಪ್ಪಿಸಿ ಬರೆಸಿದೆ. ಕಾಲುವೆ ನೀರಿಗೆಂದು ಬಂದು ನೆಲೆಸಿದ ರೈತರ ಕ್ಯಾಂಪುಗಳಿಗೆ ಹೋದರೆ ಅಲ್ಲಿನ ತೆಲುಗು ಮಂದಿ ಅದನ್ನು ಕನ್ನಡ ಎಂದುಕೊಂಡರು, ಕನ್ನಡದವರು ತೆಲುಗು ಎಂದುಕೊಂಡರು. ಮಸೀದಿ ಕಟ್ಟೆಯ ಮೇಲಿದ್ದ ಹಿರಿಯರು, "ಉರ್ದು ಅಂತೂ ಅಲ್ಲ, ಅಷ್ಟು ಗ್ಯಾರಂಟಿ," ಎಂದರು. ಸರಿಯಾಗಿ ಓದಿದವನು ಒಬ್ಬನೇ, ಒಬ್ಬ ಲಾರಿ ಡ್ರೈವರ್. ಓದಿದ ಖುಷಿಗೆ ಲಾರಿಯನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ಇಳಿದು ಓಡಿಬಂದು, "ಓದಾಕ ಬಂತ್ರೀ ನನಗ! ಕನ್ನಡ್ಯಾಗ ನೆಟ್ಟಗ ಬಂತ್ರೀ!" ಎಂದು ನನ್ನ ಕೈ ಕುಲುಕಿದ. ಹಿಂದೆ ರೋಗಿ ನರಳುತ್ತಿದ್ದ. ಲಾರಿ ಪಕ್ಕಕ್ಕೆ ಸರಿಸಲು ಅವನ ಕಾಲಿಗೆ ಬೀಳುವುದೊಂದು ಬಾಕಿ.

ಇನ್ನು ಆ ಹೆರಿಗೆಯ ವಿಷಯ. ಕುಷ್ಟಗಿಯಿಂದ ಒಬ್ಬ ಚೊಚ್ಚಲ ಬಸುರಿಯನ್ನು ಕೊಪ್ಪಳಕ್ಕೆ ಕರೆದೊಯ್ಯುತ್ತಿದ್ದೆ. ಜೊತೆಗೆ ಅವಳ ಅಜ್ಜಿ, ಕಮಲಾಬಾಯಿ. ಮಧ್ಯಾಹ್ನದ ಬಿಸಿಲು. ಅರ್ಧ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಸೈರನ್ ಹಾಕಿದೆ. ಹಿಂಡು ಸರಿಯುವ ಬದಲು ಗಾಡಿಯನ್ನು ಸುತ್ತುಗಟ್ಟಿ ನಿಂತಿತು. ಮತ್ತೆ ಹಾಕಿದೆ. ಮತ್ತಷ್ಟು ಕುರಿ ಬಂದವು.

ಕುರಿಗಾಹಿ ಓಡಿಬಂದ. "ಡ್ರೈವರಪ್ಪಾ, ಬಂದ್ ಮಾಡೋ ಮಾರಾಯಾ! ನಿನ್ನ ಗಾಡಿ ಮರಿ ಕೂಗಿದಂಗ ಕೂಗತೈತಿ. ತಾಯಿಕುರಿ ಬಿಟ್ಟು ಹೋಗವಲ್ವು!"

ನಮ್ಮ ಸೈರನ್ ಹಳತಾಗಿ ದನಿ ಒಡೆದಿತ್ತು, ನಿಜ. ಆದರೆ ಕುರಿಗಳಿಗೂ ಮೋಸವಾಗುವಷ್ಟು ಒಡೆದಿದೆ ಎಂದು ನನಗೆ ಗೊತ್ತಿರಲಿಲ್ಲ. ಬಂದ್ ಮಾಡಿದ ಮೇಲೂ ಅವು ಮರಿ ಹುಡುಕುತ್ತ ಚಕ್ರದ ಬಳಿ ಮೂಸುತ್ತಿದ್ದವು. ಅಷ್ಟರಲ್ಲಿ ಒಳಗಿಂದ ನಿಜವಾದ ಮಗುವಿನ ಅಳು ಕೇಳಿಸಿತು. ಕಮಲಾಬಾಯಿ ಹೆರಿಗೆ ಮಾಡಿಸಿಯೇ ಬಿಟ್ಟಿದ್ದರು. ಹೆಣ್ಣುಮಗು. ಕುರಿಗಾಹಿ ಹೆಗಲ ಕಂಬಳಿ ತೆಗೆದು ಕೊಟ್ಟ. ನಾನು ಖುಷಿಯಲ್ಲಿ ಒಂದು ಕುರಿಯನ್ನು ತಬ್ಬಿಕೊಂಡೆ.

ಅಜ್ಜಿ ನನ್ನನ್ನು ಕರೆದು ಕೇಳಿದಳು, "ಈ ಗಾಡಿಗಿ ಏನಂತಾರಪ್ಪಾ?"

"ಆಂಬುಲೆನ್ಸ್ ಅಂತಾರಬೇ."

"ಅಂಬವ್ವ! ದೇವಿ ಹೆಸರ ಇಟ್ಟಾರ ನೋಡು ಗಾಡಿಗಿ. ಅಕೀನ ಬಂದು ಕಾದಾಳ. ಕೂಸಿಗಿ ಅಂಬವ್ವ ಅಂತ ಇಡೂನು."

ನಾನು ತಿದ್ದಲು ಹೋದೆ. ಕಮಲಾಬಾಯಿ ನನ್ನ ಕಾಲು ತುಳಿದರು. ಬಾಣಂತಿ ಮಾತ್ರ ಯಾರ ಮಾತೂ ಕೇಳಿಸಿಕೊಳ್ಳದೆ ಚಾವಣಿಯನ್ನೇ ನೋಡುತ್ತ ಮಲಗಿದ್ದಳು. "ಗಿಳಿ ಭಾಳ ಛಲೋ ಐತಿ," ಎಂದಳು, ಅಷ್ಟೇ.

ನೌಕರಿಯ ಕೊನೆಯ ವರ್ಷಗಳಲ್ಲಿ ನನಗೆ ಶವದ ವ್ಯಾನು ಕೊಟ್ಟರು. ಅದರ ವಿಷಯ ಹೇಳುವ ಮೊದಲು ವಿಮಾನದ ವಿಷಯ ಹೇಳಬೇಕು. ನಮ್ಮ ಮಂದಿ ಸತ್ತವರನ್ನು ಮಲಗಿಸುವುದಿಲ್ಲ; ಕುಳ್ಳಿರಿಸುತ್ತಾರೆ. ಬಿದಿರಿನ ಪೀಠ ಕಟ್ಟಿ, ಹೂವು ಸುತ್ತಿ, ಅದರಲ್ಲಿ ಕುಳ್ಳಿರಿಸಿ ಹೊತ್ತು ಒಯ್ಯುತ್ತಾರೆ. ಮಣ್ಣಿನೊಳಗೂ ಕುಳಿತೇ ಇರುತ್ತಾರೆ. ಆ ಪೀಠಕ್ಕೆ ವಿಮಾನ ಎನ್ನುತ್ತಾರೆ. ಮೈಸೂರು ಕಡೆಯಿಂದ ಬಂದ ಹೊಸ ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡ ಒಬ್ಬ ಅಜ್ಜನ ಮಗ ಬಂದು ಅವರ ಮುಂದೆ ನಿಂತ.

"ಲಗೂನ ಬಿಡ್ರಿ ಸಾಹೇಬ್ರ. ಊರಾಗ ವಿಮಾನ ತಯಾರಾಗಿ ನಿಂತೈತಿ."

"ವಿಮಾನಾನಾ? ನಿಮ್ಮೂರಲ್ಲಾ? ಎಲ್ಲಿ ನಿಲ್ಲಿಸಿದ್ದೀರಿ?"

"ಮನಿ ಮುಂದ್ರಿ. ಅಂಗಳದಾಗ."

"ಅಂಗಳದಲ್ಲಿ ಅಷ್ಟು ಜಾಗ ಇದೆಯಾ?"

"ಸಣ್ಣದ ಕಟ್ಟೀವ್ರಿ. ಬಿದರಿಂದು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ಯಾರು ಓಡಿಸ್ತಾರಪ್ಪ?"

"ಓಡ್ಸೂದಿಲ್ರಿ, ಹೊರತೀವಿ. ನಾಕ ಮಂದಿ ಸಾಕು. ಅಜ್ಜಾರು ಹಗುರ ಅದಾರ."

ಡಾಕ್ಟರು ನನ್ನನ್ನು ಮೂಲೆಗೆ ಕರೆದು, "ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ. ಒಂದು ಇಂಜೆಕ್ಷನ್ ಕೊಡಲಾ?" ಎಂದು ಪಿಸುಗುಟ್ಟಿದರು. ನಾನು ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿ ನಿಂತೆ. ಆ ಮಗ ನನ್ನ ಭುಜ ಅಲುಗುವುದನ್ನು ಕಂಡು, "ಅಳಬ್ಯಾಡ್ರಿ, ವಯಸ್ಸಾಗಿತ್ತು," ಎಂದು ನನಗೇ ಸಮಾಧಾನ ಹೇಳಿದ. ಡಾಕ್ಟರು ಒಳ್ಳೆಯವರು, ಹೊಸ ಮಾತು ಕಲಿತರು. ಕಲಿತ ಹುರುಪಿನಲ್ಲಿ, ಗುಣವಾಗಿ ಮನೆಗೆ ಹೊರಟ ಒಬ್ಬ ರೋಗಿಗೆ "ಊರಲ್ಲಿ ವಿಮಾನ ರೆಡಿನಾ?" ಎಂದು ಕೇಳಿ ಹೊಡೆತ ತಿನ್ನುವುದರಲ್ಲಿದ್ದರು.

ನಮ್ಮ ಶವದ ವ್ಯಾನೂ ಆ ಡಾಕ್ಟರ ಹಾಗೆ ಹೊರಗಿನದು. ಯಾರೋ ದಾನಿಗಳು ಬೇರೆ ಕಡೆ ಮಾಡಿಸಿ ಕೊಟ್ಟಿದ್ದರು. ಒಳಗೆ ಮಲಗಿಸಲು ಉದ್ದನೆಯ ಸ್ಟೀಲಿನ ತಟ್ಟೆ, ಮೇಲೆ ಗಿಡ್ಡ ಚಾವಣಿ. ಮೊದಲ ಸಲ ಅದನ್ನು ಯಲಬುರ್ಗಾ ಕಡೆಯ ಒಂದು ಊರಿಗೆ ಕರೆಸಿದರು. ಊರ ಗೌಡರು ತೀರಿಕೊಂಡಿದ್ದರು. ಹೊಲ ದೂರ ಇತ್ತು. ವಿಮಾನದಲ್ಲಿ ಗೌಡರನ್ನು ಕುಳ್ಳಿರಿಸಿ ರುಮಾಲು ಸುತ್ತಿದ್ದರು. ವಿಮಾನವನ್ನು ವ್ಯಾನಿನೊಳಗೆ ಎತ್ತಿದರೆ ಗೌಡರ ತಲೆ ಚಾವಣಿಗೆ ಬಡಿಯಿತು. ರುಮಾಲು ತೆಗೆದರೂ ಬಡಿಯಿತು.

"ಸ್ವಲ್ಪ ಬಗ್ಗಿಸಿದ್ರ ಹಿಡಸ್ತಾರ್ರಿ," ಎಂದೆ ನಾನು, ಕತ್ತು ವಾಲಿಸುವುದರಲ್ಲಿ ನನಗಿರುವ ಅನುಭವದಿಂದ.

ಗೌಡರ ತಮ್ಮ ಕೆಂಡವಾದರು. "ನಮ್ಮಣ್ಣ ಬದುಕಿದ್ದಾಗ ಯಾರ ಮುಂದೂ ತಲಿ ಬಗ್ಗಿಸಿಲ್ಲ. ಈಗ ನಿನ್ನ ಗಾಡಿಗಿ ಬಗ್ಗಸ್ಬೇಕೇನು? ಗಾಡಿನ ಎತ್ತರ ಮಾಡ್ರಿ!"

ವೆಲ್ಡಿಂಗ್‌ನವನನ್ನು ಕರೆತಂದರು. ಅವನು ಅಳತೆ ಕೇಳಿದ. ಗೌಡರನ್ನು ಮತ್ತೆ ಮತ್ತೆ ಎತ್ತಿಳಿಸುವುದು ಚೆನ್ನಲ್ಲ. ಎಲ್ಲರೂ ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತವು.

"ಡ್ರೈವರಪ್ಪ ಗೌಡ್ರಷ್ಟ ಅದಾನ. ಇವನ್ನ ಕುಂಡ್ರಿಸಿ ಅಳತಿ ತಗೋರಿ."

ನನ್ನನ್ನು ವ್ಯಾನಿನೊಳಗೆ ಪದ್ಮಾಸನ ಹಾಕಿ ಕುಳ್ಳಿರಿಸಿದರು. ವೆಲ್ಡರ್ ನನ್ನ ತಲೆಯ ಸುತ್ತ ಚಾವಣಿ ಕೊಯ್ದ. ಕಿಡಿ ಹಾರುತ್ತಿದ್ದವು. ಹೊರಗೆ ಹೆಂಗಸರು ಗೌಡರಿಗಾಗಿ ಅಳುತ್ತಿದ್ದರು. ಒಬ್ಬ ಮುದುಕಿ ನನ್ನನ್ನೇ ಗೌಡರೆಂದುಕೊಂಡು ಪಾದ ಮುಟ್ಟಿ ಅತ್ತಳು. ಬೇಸಗೆಯಲ್ಲಿ ತಗಡು ಸುಟ್ಟ ವಾಸನೆ. ಆದರೆ ತಗಡು ತೆಗೆದ ಕೂಡಲೇ, ಜೀವಮಾನದಲ್ಲಿ ಮೊದಲ ಸಲ ಒಂದು ಗಾಡಿಯೊಳಗೆ ನನ್ನ ಕತ್ತು ನೆಟ್ಟಗಾಯಿತು. ಇಳಿಯಲು ಮನಸ್ಸೇ ಬರಲಿಲ್ಲ. ಅವರೇ ಇಳಿಸಿದರು, ಗೌಡರು ಕಾಯುತ್ತಿದ್ದರು.

ಚಾವಣಿ ಗೂಡಿನ ಹಾಗೆ ಎತ್ತರವಾಗಿದ್ದನ್ನು ಕಂಡು ಮೇಲಧಿಕಾರಿ ವಿವರಣೆ ಕೇಳಿದರು. ಮೃತರ ತಲೆ ತಗಲುತ್ತಿತ್ತು ಎಂದು ಬರೆದುಕೊಟ್ಟೆ. ಮೃತರು ದೂರು ಕೊಟ್ಟಿದ್ದಾರೆಯೇ ಎಂದು ತಿರುಗಿ ಕೇಳಿದರು. ಅದಕ್ಕೆ ಏನು ಬರೆಯಬೇಕೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಆದರೆ ಮಂದಿ ಆ ಗಾಡಿಯನ್ನೇ ಕೇಳಿ ಕರೆಸತೊಡಗಿದರು. "ಮಲಗಿಸೋ ಗಾಡಿ ಬ್ಯಾಡ, ಕುಂಡ್ರಿಸೋ ಗಾಡಿ ಕಳಸ್ರಿ" ಎನ್ನುತ್ತಿದ್ದರು. ಅದೂ ಹರಾಜಿಗೆ ಬಂದಾಗ ನಾನೇ ಕೊಂಡೆ.

ಜೀಪು ಮತ್ತು ಬಂಡಿಯ ಕಥೆ ಸಣ್ಣದು. ಜೀಪು ಯಲಬುರ್ಗಾದ ಒಂದು ಹಿತ್ತಲಿನಲ್ಲಿ ಕೋಳಿಗೂಡಾಗಿತ್ತು. ಒಡತಿ ಗಾಡಿ ಕೊಡಲು ಒಪ್ಪಿದಳು, ಕೋಳಿಗಳು ಒಪ್ಪಲಿಲ್ಲ. ತಾವರಗೇರಾದವರೆಗೂ ಕೂತೇ ಬಂದವು. ಬಂಡಿಯನ್ನು ಗಂಗಾವತಿಯ ಬಸ್‌ಸ್ಟ್ಯಾಂಡಿನ ಬಳಿ ಒಬ್ಬ ಬಾಳೆಹಣ್ಣು ಮಾರಲು ಇಟ್ಟುಕೊಂಡಿದ್ದ. ಹಿಡಿಕೆ ನೋಡಿ ನನಗೆ ಗುರುತು ಸಿಕ್ಕಿತು. ಅವನ ಕಿವಿಯಲ್ಲಿ ಮೆಲ್ಲಗೆ, "ಇದು ಮೊದಲ ಏನ್ ಹೊರತಿತ್ತು ಗೊತ್ತೇನು?" ಎಂದೆ. ಅವನು ಹಣ್ಣನ್ನೂ ಬಿಟ್ಟು ಓಡಿದ. ಹಣ್ಣನ್ನು ಅವನ ತಮ್ಮನಿಗೆ ಒಪ್ಪಿಸಿ ಬಂಡಿ ತಂದೆ.

ಇಷ್ಟು ಬರೆಯುವಷ್ಟರಲ್ಲಿ ಅಮಾವಾಸ್ಯೆ ಬಂದು ಹೋಯಿತು. ಮರುದಿನ ಬೆಳಿಗ್ಗೆಯೇ ಮಲ್ಲಣ್ಣ ಕ್ರೇನ್ ಲಾರಿ ತಂದ. ಬಂದವನೇ ನಾಲ್ಕೂ ಗಾಡಿಗೆ ಊದುಬತ್ತಿ ಬೆಳಗಿ, ಮೆಟಡೋರಿನ ಮೂತಿಗೆ ಸರಪಳಿ ಸುತ್ತಿದ. ಶಾಂತವ್ವ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ನಾನು ನೋಡಲಾರದೆ ಬೆನ್ನು ಮಾಡಿ ಕುಳಿತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಓಣಿಯಲ್ಲಿ ಒಂದು ಆಟೊ ಬಂದು ನಿಂತಿತು. ತುಂಬು ಬಸುರಿಯೊಬ್ಬಳು ಇಳಿದಳು, ಹಿಂದೆ ಅವಳ ಅತ್ತೆ ಮತ್ತು ಗಂಡ. ಗಂಡ ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರಿಗೆ ಹರಿಗೋಲು ನಡೆಸುವವನಂತೆ.

ಶಾಂತವ್ವನಿಗೆ ಗಿರಾಕಿ ಬಂದರೆಂದು ಮುಖ ಅರಳಿತು. "ಬರ್ರಿ, ಬರ್ರಿ. ರೊಟ್ಟಿ ಬೇಕಾಗಿತ್ತೇನವ್ವ?"

"ಇಲ್ರಿ. ನನ್ನ ತವರುಮನಿ ನೋಡಾಕ ಬಂದೀನ್ರಿ," ಎಂದಳು ಆ ಹುಡುಗಿ.

"ಯಾವ ಮನಿ ನಿಂದು?"

ಹುಡುಗಿ ಸರಪಳಿ ಸುತ್ತಿದ ಮೆಟಡೋರನ್ನು ತೋರಿಸಿದಳು. "ಅದ ರೀ. ನಾ ಹುಟ್ಟಿದ ಗಾಡಿ. ನನ್ನ ಹೆಸರು ಅಂಬವ್ವ."

ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಅತ್ತೆ ಮುಂದೆ ಬಂದು ಎಲ್ಲ ಬಿಡಿಸಿ ಹೇಳಿದಳು.

"ಮೊಬೈಲ್ದಾಗ ನಿಮ್ಮ ಗಾಡಿ, ನಿಮ್ಮ ಓರೆ ಕುತ್ತಿಗಿ ನೋಡಿದ್ವಿ; ಈಕಿ ಅವ್ವ ಹೇಳತಿದ್ದ ಡ್ರೈವರ ನೀವ ಅಂತ ಗುರುತ ಸಿಕ್ತು. ಈಕಿಗಿ ಅಪ್ಪ ಅವ್ವ ಇಬ್ರೂ ಇಲ್ರಿ, ಒಡಹುಟ್ಟಿದವ್ರೂ ಇಲ್ಲ. ಇದ್ದದ್ದು ಬಾಡಗಿ ಮನಿ. ತವರಿನ ಉಡಿ ಬೀಳದ ನಮ್ಮ ಮನ್ಯಾಗ ಬಸರಿಗಿ ಸೀಮಂತ, ಕುಬಸ ಮಾಡೂದಿಲ್ಲ. ಈಕಿ ದಿನಾ ಅಳತಾಳ. ನಾ ವಿಚಾರ ಮಾಡ್ದೆ. ತವರು ಅಂದ್ರ ಏನು? ಹುಟ್ಟಿದ ಜಾಗಾ. ಈಕಿ ಹುಟ್ಟಿದ ಜಾಗಾ ಇನ್ನೂ ಐತೆಲ್ಲ! ಅದರ ಹೊಸ್ತಿಲಾಗ ನಿಂದ್ರಿಸಿ ನಾನ ಉಡಿ ತುಂಬತೀನಿ ಅಂತ ಖಣ, ತೆಂಗಿನಕಾಯಿ ತಂದೀನಿ."

ಅಂಬವ್ವ ಆಗಲೇ ಹಿಂಬಾಗಿಲು ಹತ್ತಿದ್ದಳು. ಗಂಡ ಕೈ ಹಿಡಿದು ಮೆಲ್ಲಗೆ ಸ್ಟ್ರೆಚರಿನ ಮೇಲೆ ಮಲಗಿಸಿದ. ಆಮೇಲೆ ಒಳಗಿಂದ ಕೂಗು ಕೇಳಿಸಿತು.

"ಗಿಳಿ ಐತಿ! ಅತ್ತೀ, ಗಿಳಿ ಐತಿ! ಅವ್ವ ಹೇಳತಿದ್ಲು, ಗಿಳಿ ನೋಡಕೋತ ನಿನ್ನ ಹಡದೆ ಅಂತ. ಇಲ್ಲೇ ಐತಿ!"

ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಬಣ್ಣ ಮಾಸಿ ಗಿಳಿ ಹಳದಿಯಾಗಿತ್ತು, ಪೇರಲಹಣ್ಣು ಹೋಗಿಯೇ ಬಿಟ್ಟಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಗಾಡಿ ಹತ್ತದ ಶಾಂತವ್ವ, ಸೀರೆ ಎತ್ತಿ ಹಿಡಿದು ಹತ್ತಿದಳು. ಚಾವಣಿ ನೋಡಿದಳು. ಹುಡುಗಿಯ ತಲೆ ಸವರಿದಳು. ಇಳಿದು ಬಂದಾಗ ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಎಂದಿನ ಹಾಗೇ ಜೋರಾಗಿತ್ತು.

"ಅತ್ತಿ ಆದಾಕಿ ತವರಿನ ಉಡಿ ತುಂಬತಾಳೇನು? ಯಾವ ಊರಾಗ ಐತಿ ಆ ಪದ್ಧತಿ? ತವರಿನವರು ನಾವು ಇಲ್ಲಿ ಇನ್ನೂ ಜೀವಂತ ಅದೀವಿ!"

ಆಮೇಲೆ ನಡೆದದ್ದನ್ನು ನಾನು ತಡೆಯುವ ಪ್ರಶ್ನೆಯೇ ಇರಲಿಲ್ಲ. ಶಾಂತವ್ವ ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದಳು. ಅರ್ಧ ಓಣಿಯಲ್ಲೇ ನಿಂತು ಕೈಮುಗಿದು ತಿರುಗುತ್ತಿದ್ದವರು, ಬಸುರಿ ಎಂದ ಕೂಡಲೇ ಆರತಿ ತಟ್ಟೆ ಹಿಡಿದು ಅಂಗಳಕ್ಕೇ ಬಂದರು. ಮೆಟಡೋರಿನ ಮೆಟ್ಟಿಲಿಗೆ ಅರಿಷಿಣ ಕುಂಕುಮ ಹಚ್ಚಿದರು. ತನ್ನ ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆ ತಂದು ಶಾಂತವ್ವ ಹುಡುಗಿಗೆ ಹೊದಿಸಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದಳು. ತವರಿನ ಕಡೆಯ ಅಣ್ಣ ಬೇಕೆಂದರು. ಮಲ್ಲಣ್ಣನನ್ನು ನಿಲ್ಲಿಸಿದರು. ಅವನು ಒಂದು ಕೈಯಲ್ಲಿ ಕ್ರೇನಿನ ಕೊಕ್ಕೆ, ಇನ್ನೊಂದರಲ್ಲಿ ತೆಂಗಿನಕಾಯಿ ಹಿಡಿದು, ಏನಾಯಿತೆಂದು ತಿಳಿಯದೆ ತಂಗಿಗೆ ಅಕ್ಷತೆ ಹಾಕಿದ. ಎಲ್ಲರೂ ಶಾಂತವ್ವನ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದರು. ಅತ್ತೆ ಒಂದು ರೊಟ್ಟಿ ಮುರಿದು ಬಾಯಿಗಿಟ್ಟು, "ಕುಬಸದ ಊಟಕ್ಕ ರೊಟ್ಟಿ ಇಲ್ಲಿಂದನ ಬರ್ಬೇಕು. ಅದೂ ತವರಿಂದ ಆಗಲಿ," ಎಂದಳು. ಓಣಿಯ ಹೆಂಗಸರು ಅದನ್ನು ಕೇಳಿ, ತಮಗೂ ಕಟ್ಟಿಕೊಡು ಎಂದು ಶಾಂತವ್ವನನ್ನು ಮುತ್ತಿಕೊಂಡರು.

ಆಟೊ ಹೋದ ಮೇಲೆ ಮಲ್ಲಣ್ಣ ಕೈ ಒರೆಸಿಕೊಳ್ಳುತ್ತ ಬಂದ. "ಅಕ್ಕಾರ, ಕ್ರೇನ್ ತಂದೀನ್ರಿ. ಎಳೀಲ್ಯಾ?"

"ಸರಪಳಿ ಬಿಚ್ಚು ಮೊದಲ," ಎಂದಳು ಶಾಂತವ್ವ. "ತವರುಮನಿ ಯಾರರ ಗುಜರಿಗಿ ಹಾಕ್ತಾರೇನೋ? ನಾಳಿ ಅಕಿ ಬಾಣಂತನಕ್ಕ ಬಂದ್ರ ಏನ್ ತೋರ್ಸ್ಲಿ?"

ಮಲ್ಲಣ್ಣ ಸರಪಳಿ ಬಿಚ್ಚಿದ. ಬರಿಗೈಲಿ ಹೋಗಲು ಮನಸ್ಸಿಲ್ಲದೆ, ಅಂಗಳದ ಮೂಲೆಯಲ್ಲಿ ಗೂಡಿನಂಥ ಚಾವಣಿ ಹೊತ್ತು ನಿಂತಿದ್ದ ಶವದ ವ್ಯಾನಿನತ್ತ ಕೈ ತೋರಿಸಿದ. "ಹಂಗಾರ ಆ ಹೆಣದ ಗಾಡಿನರ ಕೊಡ್ರಿ. ಅದ್ರಾಗ ಯಾರೂ ಹುಟ್ಟಿಲ್ಲಲ್ಲ?"

ಶಾಂತವ್ವ ವ್ಯಾನನ್ನು ನೋಡಿದಳು. ಆಮೇಲೆ ನನ್ನನ್ನು, ಕಾಲಿನಿಂದ ಓರೆ ಕತ್ತಿನವರೆಗೆ, ರೊಟ್ಟಿಗೆ ಹಿಟ್ಟು ಸಾಕೇ ಎಂದು ನೋಡುವ ಹಾಗೆ ನಿಧಾನವಾಗಿ ನೋಡಿದಳು.

"ಅದೂ ಇರ್ಲಿ ಬಿಡೋ," ಎಂದಳು. "ಇವರು ಎತ್ತರ ಅದಾರ. ಬ್ಯಾರೆ ಗಾಡ್ಯಾಗ ತಲಿ ಬಡಿತೈತಿ."